ಎರಡು ಸಲ ಬರುವ ಬಸ್ಸು

ಊರಿನ ಬಸ್ಸುಗಳ ವೇಳಾಪಟ್ಟಿಯನ್ನು ಮೂವತ್ತೊಂದು ವರ್ಷ ನಮ್ಮತ್ತೆ ಕೈಯಿಂದ ಬರೆದರು. ಈಗ ಅದನ್ನು ಬರೆಯುವುದು ನನ್ನ ಪ್ರೋಗ್ರಾಮು. ಅತ್ತೆ ನಿವೃತ್ತರಾದ ಮೇಲೆ ಅದೇ ಡಿಪೋದಲ್ಲಿ, ಅದೇ ಕಿಟಕಿಯ ಪಕ್ಕದ ಅದೇ ಮೇಜಿಗೆ ನಾನು ಬಂದೆ. ಕುರ್ಚಿಯೊಂದನ್ನು ಮಾತ್ರ ಬದಲಾಯಿಸಿಕೊಂಡೆ. ಹಳೆಯದರ ಕುಂಟುಗಾಲು ಅತ್ತೆಯ ಮಾತನ್ನು ಬಿಟ್ಟರೆ ಇನ್ನಾರ ಮಾತನ್ನೂ ಕೇಳುತ್ತಿರಲಿಲ್ಲ.

ಪ್ರತಿ ನಿಲ್ದಾಣದಲ್ಲೂ ಒಂದು ಬೋರ್ಡು ಇರುತ್ತದೆ. ಯಾವ ನಂಬರಿನ ಬಸ್ಸು ಎಲ್ಲೆಲ್ಲಿಗೆ ಎಷ್ಟು ಗಂಟೆಗೆ ಹೋಗುತ್ತದೆ ಎಂಬ ಸಾಲುಗಳು, ಕೆಳಗೆ ಬಲಮೂಲೆಯಲ್ಲಿ ‘ಪರಿಶೀಲಿಸಿದವರು’ ಎಂಬ ಪದ, ಅದರ ಪಕ್ಕದಲ್ಲಿ ಅತ್ತೆಯ ಸಹಿ. ಅಚ್ಚಾದ ಮೇಲೆ ತಪ್ಪು ಕಂಡರೆ ಡಿಪೋದವರು ಬೋರ್ಡಿನ ಮೇಲೆ ಒಂದು ಹಳದಿ ಚೀಟಿ ಅಂಟಿಸುತ್ತಾರೆ. ಅದರ ಮೇಲೆ ದಪ್ಪಕ್ಷರದಲ್ಲಿ ‘ತಿದ್ದುಪಡಿ’ ಎಂದಿರುತ್ತದೆ. ಅತ್ತೆಯ ಬೋರ್ಡುಗಳ ಮೇಲೆ ಹಳದಿ ಚೀಟಿ ಒಂದು ಸಲವೂ ಬಿದ್ದಿರಲಿಲ್ಲ. ತಮ್ಮ ಅಡುಗೆ, ಮಗ, ಮೈಬಣ್ಣ, ಯಾವುದರ ಬಗ್ಗೆಯೂ ಜಂಬ ಇಲ್ಲದ ಹೆಂಗಸು ಅವರು. ಆದರೆ ಹಳದಿ ಚೀಟಿಯ ಮಾತು ಬಂದರೆ ಕುತ್ತಿಗೆ ಒಂದಿಂಚು ಉದ್ದವಾಗುತ್ತಿತ್ತು.

ನನ್ನ ಪ್ರೋಗ್ರಾಮು ಮೊದಲ ಸಲ ಹದಿನೆಂಟು ಮಾರ್ಗಗಳ ಹೊಸ ವೇಳಾಪಟ್ಟಿಯನ್ನು ತಯಾರಿಸಿದಾಗ ಮ್ಯಾನೇಜರ್ ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನಿಮ್ಮ ಕಂಪ್ಯೂಟರ್ ಮೇಲೆ ನಂಬಿಕೆ ಇದೆಯಮ್ಮಾ. ನಿಮ್ಮತ್ತೆ ಸಹಿ ಮೇಲೆ ಸ್ವಲ್ಪ ಜಾಸ್ತಿ ಇದೆ, ಅಷ್ಟೇ. ಇದೊಂದು ಸಲ ಅವರೇ ನೋಡಿ ಸಹಿ ಹಾಕ್ಲಿ,” ಎಂದರು. ಗುರುವಾರ ಸಂಜೆ ನಾಲ್ಕಕ್ಕೆ ಮುದ್ರಣಾಲಯದವನು ಡಿಪೋಗೆ ಬಂದು ಹಾಳೆಗಳನ್ನು ಒಯ್ಯುವುದೆಂದು ನಿಗದಿಯಾಯಿತು.

ಮನೆಗೆ ಬಂದು ಹೇಳಿದೆ. ಅತ್ತೆ ಬಟಾಣಿ ಬಿಡಿಸುತ್ತಿದ್ದರು. ತಲೆ ಎತ್ತದೆ, “ನಿಂದು ತಪ್ಪಿದ್ರೆ ಹಳದಿ ಚೀಟಿ ನನ್ನ ಸಹಿ ಮೇಲೆ ಬೀಳುತ್ತೆ, ಅಲ್ವಾ?” ಎಂದರು.

“ತಪ್ಪಿರಲ್ಲ ಅತ್ತೆ.”

“ಮೂವತ್ತೊಂದು ವರ್ಷ ನಾನೂ ಹಾಗೆ ಅಂದುಕೊಂಡೇ ಎಲ್ಲಾನೂ ಎರಡೆರಡು ಸಲ ನೋಡ್ತಿದ್ದೆ,” ಎಂದು ಒಂದು ಬಟಾಣಿಯನ್ನು ಬಾಯಿಗೆ ಹಾಕಿಕೊಂಡರು.

ಗುರುವಾರ ಬೆಳಿಗ್ಗೆ ನಾನು ರಜೆ ಹಾಕಿದೆ. ಊಟದ ಮೇಜಿನ ಮೇಲೆ ಅತ್ತೆ ತಮ್ಮ ಸರಂಜಾಮು ಹರಡಿದರು: ಮರದ ಉದ್ದನೆಯ ಹಲಗೆ, ಅದರಲ್ಲಿ ಸಾಲಾಗಿ ಗೀರುಗಳು, ಮಾರ್ಗಕ್ಕೊಂದರಂತೆ ದಾರ ಕಟ್ಟಿದ ಚೀಟಿಗಳ ಕಟ್ಟು, ಒಂದೊಂದು ಚೀಟಿಯಲ್ಲಿ ಒಂದೊಂದು ನಿಲ್ದಾಣದ ಹೆಸರು. ಎಡಗಣ್ಣಿನ ಶಸ್ತ್ರಚಿಕಿತ್ಸೆ ಆಗಿ ಇನ್ನೂ ತಿಂಗಳಾಗಿರಲಿಲ್ಲವಾದ್ದರಿಂದ ಸಣ್ಣಕ್ಷರ ಓದುವುದು ನನ್ನ ಪಾಲಿಗೆ ಬಂತು. ನಾನು ಒಂದೊಂದೇ ನಿಲ್ದಾಣವನ್ನು ಓದಬೇಕು, ಅವರು ಆ ಚೀಟಿಯನ್ನು ಹುಡುಕಿ ಹಲಗೆಯ ಗೀರಿಗೆ ಸಿಕ್ಕಿಸಬೇಕು. ಓದುವ ಮೊದಲು ಕಟ್ಟು ಬಿಚ್ಚಿ ಚೀಟಿಗಳನ್ನೆಲ್ಲ ಬೇಕೆಂದೇ ಕಲಸಿಬಿಡುತ್ತಿದ್ದರು.

“ಜೋಡಿಸಿಟ್ಟಿದ್ದನ್ನ ಯಾಕೆ ಕೆಡಿಸ್ತೀರಿ?”

“ಜೋಡಿಸಿದ್ರೆ ಕೈ ಕಿವಿಗಿಂತ ಮುಂದೆ ಓಡುತ್ತೆ. ನೀನು ತಪ್ಪು ಓದಿದ್ರೂ ನನ್ನ ಕೈ ಸರಿಯಾಗೇ ಇಟ್ಟುಬಿಡುತ್ತೆ.”

ಒಂದರಿಂದ ಆರನೆಯ ಮಾರ್ಗದವರೆಗೆ ಎಲ್ಲವೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಹೊಂದಿತು. ನನಗೆ ಒಳಗೊಳಗೇ ಹಿಗ್ಗು. ಏಳನೆಯದನ್ನು ಶುರುಮಾಡಿದೆ. ಬಸ್ ನಿಲ್ದಾಣ, ಹಳೇ ಸೇತುವೆ, ಆಸ್ಪತ್ರೆ, ನೀರಿನ ಟ್ಯಾಂಕು, ಗುಡ್ಡದ ಮನೆಗಳು. ಅಲ್ಲಿಂದ ವಾಪಸ್: ನೀರಿನ ಟ್ಯಾಂಕಿನ ಎದುರು, ಹಳೇ ಸೇತುವೆಯ ಎದುರು, ಮತ್ತೆ ಬಸ್ ನಿಲ್ದಾಣ. ಅತ್ತೆ ಕೊನೆಯ ಚೀಟಿ ಸಿಕ್ಕಿಸಿ ಕೈ ಒರೆಸಿಕೊಂಡರು. ಮೇಜಿನ ಮೇಲೆ ಇನ್ನೂ ಒಂದು ಚೀಟಿ ಬಿದ್ದಿತ್ತು. ಎತ್ತಿ ಬಲಗಣ್ಣಿನ ಹತ್ತಿರ ಹಿಡಿದರು.

“ಇದೇನೇ, ಆಸ್ಪತ್ರೆ ಇಲ್ಲೇ ಕೂತುಬಿಟ್ಟಿದೆ?”

“ಅದು ಡೂಪ್ಲಿಕೇಟ್ ಅತ್ತೆ. ಆಸ್ಪತ್ರೆ ಆಗಲೇ ಬಂತಲ್ಲ, ಮೂರನೇದು.”

“ಡೂಪ್ಲಿಕೇಟಾ? ಹಾಗಾದ್ರೆ ಆಸ್ಪತ್ರೆಗೆ ಹೋದೋರು ಅಲ್ಲೇ ಇರಬೇಕಾ?”

ಒಳಕೋಣೆಯಿಂದ ಮಾವನ ಧ್ವನಿ ಬಂತು: “ಕೆಲವರು ಹಾಗೇ ಇರ್ತಾರೆ.”

“ನೀವು ನಿಮ್ಮ ಪದಬಂಧ ನೋಡ್ಕೊಳ್ರೀ!” ಎಂದು ಅತ್ತಕಡೆ ಹೇಳಿ, ನನ್ನ ಕಡೆ ತಿರುಗಿದರು. “ಏಳನೇ ನಂಬರು ಆಸ್ಪತ್ರೆ ಕಾಂಪೌಂಡಿನ ಒಳಗೆ ಹೋಗುತ್ತೆ. ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ. ರಸ್ತೆ ನಿಲ್ದಾಣ ಆದ್ರೆ ಆ ಕಡೆ ಒಂದು, ಈ ಕಡೆ ಒಂದು ಇರುತ್ತೆ, ಹೆಸರೂ ಬೇರೆ. ಕಾಂಪೌಂಡಲ್ಲಿ ಇರೋದು ಒಂದೇ ಕಟ್ಟೆ.”

“ಆದ್ರೆ ಟೆಸ್ಟ್ ಎಲ್ಲಾ ಪಾಸಾಗಿದೆ ಅತ್ತೆ.”

“ಪಾಸಾಗಿದ್ರೆ ಸಂತೋಷ. ವಾಪಸ್ ಬರೋ ಬಸ್ಸು ಎಲ್ಲಿ?”

ಲ್ಯಾಪ್‌ಟಾಪ್ ತಂದು ಹಲಗೆಯ ಪಕ್ಕದಲ್ಲಿ ತೆರೆದೆ.

ನಾನು ಬರೆಯುವುದು ಫಂಕ್ಷನಲ್ ಎನ್ನುವ ಜಾತಿಯ ಒಂದು ಕಂಪ್ಯೂಟರ್ ಭಾಷೆಯಲ್ಲಿ. ಅದರಲ್ಲಿ ಒಮ್ಮೆ ಮಾಡಿದ ವಸ್ತುವನ್ನು ತಿದ್ದುವಂತಿಲ್ಲ. ಅದರಿಂದ ಇನ್ನೊಂದನ್ನು ಮಾಡಿಕೊಳ್ಳಬೇಕು. ಆದ್ದರಿಂದ ದಿನದ ಅರ್ಧ ಕೆಲಸ ಒಂದು ಬಗೆಯ ಸಂಗ್ರಹವನ್ನು ಇನ್ನೊಂದು ಬಗೆಗೆ ಬದಲಾಯಿಸುವುದೇ: ಪಟ್ಟಿಯಿಂದ ಗಣ, ಗಣದಿಂದ ಪಟ್ಟಿ. ಗಣ ಎಂದರೆ ಶಾಲೆಯ ಗಣಿತದಲ್ಲಿ ಓದಿದ ಗಣವೇ. ಅದಕ್ಕೆ ಕೇಳಿಸುವುದು ಒಂದೇ ಪ್ರಶ್ನೆ: ಇದು ನಿನ್ನಲ್ಲಿದೆಯೋ ಇಲ್ಲವೋ? ಎಷ್ಟು ಸಲ ಇದೆ, ಯಾರಾದ ಮೇಲೆ ಯಾರು ಎಂದು ಕೇಳಿದರೆ ಕಿವುಡು.

ಗಣ ನನಗೆ ಯಾಕೆ ಬೇಕಾಯಿತೆಂದರೆ, ಬಸ್ಸಿನ ಯಂತ್ರದಲ್ಲಿ ಒಂದು ಗುಂಡಿ ಇದೆ. ನಿಲ್ದಾಣ ಬಂದಾಗ ಚಾಲಕ ಅದನ್ನು ಒತ್ತಬೇಕು. ನಿಲ್ದಾಣದ ಹೆಸರು, ಸಮಯ ದಾಖಲಾಗುತ್ತದೆ. ಆ ದಾಖಲೆಗಳಿಂದಲೇ ನನ್ನ ಪ್ರೋಗ್ರಾಮು ವೇಳಾಪಟ್ಟಿ ಮಾಡುತ್ತದೆ. ಗುಂಡಿ ಗಟ್ಟಿಯಾಗಿರುವುದರಿಂದ ಎಷ್ಟೋ ಚಾಲಕರು ಎರಡೆರಡು ಸಲ ಒತ್ತುತ್ತಾರೆ. ಒಂದೇ ನಿಲ್ದಾಣ ನಾಲ್ಕು ಸೆಕೆಂಡಿನ ಅಂತರದಲ್ಲಿ ಎರಡು ಸಲ ಬಂದಿರುತ್ತದೆ. ಈ ಕಸ ತೆಗೆಯಲು ನಾನು ನಿಲ್ದಾಣಗಳ ಪಟ್ಟಿಯನ್ನು ಗಣ ಮಾಡಿದ್ದೆ. ಎರಡನೆಯದೆಲ್ಲ ತಾನಾಗಿ ಉದುರಿತು. ಆಮೇಲೆ ಪ್ರತಿ ನಿಲ್ದಾಣವೂ ಮೊದಲು ಕಂಡ ಸಮಯವನ್ನು ಹುಡುಕಿ, ಆ ಸಮಯದ ಪ್ರಕಾರ ಜೋಡಿಸಿ, ಮತ್ತೆ ಪಟ್ಟಿ ಮಾಡಿದ್ದೆ. ಒಂದೇ ಸಾಲಿನ ಕೆಲಸ. ಬರೆದ ದಿನ ಆ ಸಾಲನ್ನು ಎರಡು ಸಲ ಓದಿ ಖುಷಿಪಟ್ಟಿದ್ದೆ. ಟೈಪುಗಳನ್ನು, ಎಂದರೆ ಯಾವುದು ಯಾವ ಬಗೆಯ ವಸ್ತು ಎಂಬುದನ್ನು, ತಾಳೆ ನೋಡುವ ಕಂಪೈಲರ್ ತಕರಾರು ತೆಗೆಯಲಿಲ್ಲ. ತೆಗೆಯಲು ಅದಕ್ಕೇನಿತ್ತು? ಹೋದದ್ದೂ ಪಟ್ಟಿ, ಬಂದದ್ದೂ ಪಟ್ಟಿ. ದಾರಿಯಲ್ಲಿ ಬಿದ್ದುಹೋದದ್ದನ್ನು ಟೈಪು ನೋಡುವುದಿಲ್ಲ.

ನಾಚಿಕೆಯ ಸಂಗತಿ ಇನ್ನೊಂದಿತ್ತು. ಮೊದಲ ವಾರವೇ ಒಂದು ಸುಳಿವು ಸಿಕ್ಕಿತ್ತು. ಪ್ರತಿ ಮಾರ್ಗದ ಕೊನೆಯಲ್ಲೂ ಬಸ್ ನಿಲ್ದಾಣ ಕಾಣೆಯಾಗುತ್ತಿತ್ತು, ಏಕೆಂದರೆ ಅದು ಶುರುವಿನಲ್ಲೂ ಇತ್ತಲ್ಲ. ನಾನು ಕಾರಣ ಹುಡುಕಲು ಹೋಗದೆ, ಕೊನೆಗೊಂದು ‘ಬಸ್ ನಿಲ್ದಾಣ’ವನ್ನು ಕೈಯಾರೆ ಅಂಟಿಸಿ ಮುಂದೆ ಹೋಗಿದ್ದೆ.

ಇದನ್ನೆಲ್ಲ ಅತ್ತೆಗೆ ಹೇಳಿದೆ, ಅಂಟಿಸಿದ್ದನ್ನೂ ಸೇರಿಸಿ. ಅವರು ಆಸ್ಪತ್ರೆಯ ಚೀಟಿಯಿಂದ ಗಲ್ಲ ಕೆರೆದುಕೊಳ್ಳುತ್ತ ಕೇಳಿಸಿಕೊಂಡರು.

“ಎರಡು ಸಲ ಒತ್ತಿದ್ದು ಬೇರೆ, ಎರಡು ಸಲ ಬಂದಿದ್ದು ಬೇರೆ ಕಣೇ,” ಎಂದರು. “ಒತ್ತಿದ್ದಾದ್ರೆ ಅಕ್ಕಪಕ್ಕ ಇರುತ್ತೆ. ಬಂದಿದ್ದಾದ್ರೆ ನಡುವೆ ಬೇರೆ ಊರು ಸುತ್ತಿಬಂದಿರುತ್ತೆ.”

ಅಷ್ಟೇ. ಒಂದು ವರ್ಷ ನನಗೆ ಹೊಳೆಯದಿದ್ದದ್ದು. ಗಣ ಬೇಕಾಗಿಯೇ ಇರಲಿಲ್ಲ. ಪಟ್ಟಿಯನ್ನು ಪಟ್ಟಿಯಾಗಿಯೇ ಉಳಿಸಿ, ಮೊದಲಿನಿಂದ ಒಂದೊಂದೇ ದಾಖಲೆ ನೋಡುತ್ತ, ತನ್ನ ಹಿಂದಿನದರ ಜೊತೆ ಮಾತ್ರ ಹೋಲಿಸಿ, ಅದೇ ನಿಲ್ದಾಣವಾದರೆ ಬಿಡುವುದು, ಬೇರೆಯಾದರೆ ಇಟ್ಟುಕೊಳ್ಳುವುದು. ಹೊಸದಾಗಿ ಬರೆದದ್ದು ಮೂರು ಸಾಲು. ಅಂಟಿಸಿದ್ದ ಬಸ್ ನಿಲ್ದಾಣವನ್ನು ಅಳಿಸಿದೆ. ಪ್ರೋಗ್ರಾಮು ಓಡಿಸಿದಾಗ ಅದು ತನ್ನಷ್ಟಕ್ಕೆ ತಾನು ಕೊನೆಯಲ್ಲಿ ಬಂದು ಕೂತಿತು. ಏಳನೆಯದರಲ್ಲಿ ಆಸ್ಪತ್ರೆ ಎರಡು ಸಲ ಬಂತು. ಹನ್ನೊಂದು, ಹದಿನೈದರಲ್ಲೂ ಕಳೆದುಹೋಗಿದ್ದ ನಿಲ್ದಾಣಗಳು ಮರಳಿದವು.

“ಮೂರು ಹಳದಿ ಚೀಟಿ ಉಳೀತು,” ಎಂದು ಅತ್ತೆ ಚಹಾ ಮಾಡಲು ಎದ್ದರು. ಕುತ್ತಿಗೆ ಒಂದಿಂಚು ಉದ್ದವಾಗಿತ್ತು.

ಹೊಸ ಪಟ್ಟಿಗೂ ಹಳೆಯ ಬೋರ್ಡಿಗೂ ಇರುವ ವ್ಯತ್ಯಾಸಗಳನ್ನು ಪ್ರೋಗ್ರಾಮು ಕೊನೆಗೆ ಒಂದು ಹಾಳೆಯಲ್ಲಿ ಕೊಡುತ್ತದೆ. ಪ್ರತಿ ವ್ಯತ್ಯಾಸದ ಮುಂದೆ ‘ಕಾರಣ’ ಎಂಬ ಖಾಲಿ ಕಾಲಮ್ಮು. ಅದರಲ್ಲಿ ‘ಹೊಸ ಸೇವೆ’ ಎಂದೋ ‘ತಿದ್ದುಪಡಿ’ ಎಂದೋ ನಾವು ತುಂಬಬೇಕು. ಇದುವರೆಗೆ ಹಳೆಯ ಬೋರ್ಡನ್ನೂ ಅದೇ ಗಣದ ಸಾಲಿನಿಂದ ಹಾಯಿಸಿ ಹೋಲಿಸುತ್ತಿದ್ದರಿಂದ ಹಾಳೆ ಖಾಲಿ ಬರುತ್ತಿತ್ತು. ಅದನ್ನು ಸರಿಮಾಡಿದ ಮೇಲೂ ಖಾಲಿಯೇ ಬರಬೇಕಿತ್ತು. ಒಂದು ಸಾಲು ಬಂದಿತ್ತು. ಹನ್ನೆರಡನೇ ಮಾರ್ಗ, ಬಿಸ್ಕತ್ತು ಕಾರ್ಖಾನೆ. ಹಳೆಯ ಬೋರ್ಡಿನಲ್ಲಿ ಒಂದು ಸಲ, ಮಧ್ಯಾಹ್ನ ಎರಡು ನಲವತ್ತಕ್ಕೆ. ಹೊಸ ಪಟ್ಟಿಯಲ್ಲಿ ಎರಡು ಸಲ: ಎರಡು ನಲವತ್ತು, ಮೂರು ಐದು.

ಹಳೆಯ ದಾಖಲೆ ತೆಗೆದೆ. ಒಂದು ತಿಂಗಳ ಹಿಂದೆ, ಒಂದು ವರ್ಷದ ಹಿಂದೆ, ನಾಲ್ಕು ವರ್ಷದ ಹಿಂದೆ. ಕಾರ್ಖಾನೆ ತೆರೆದಿದ್ದ ಒಂದು ದಿನವೂ ಮೂರು ಐದು ತಪ್ಪಿರಲಿಲ್ಲ. ನಾಲ್ಕು ವರ್ಷದಿಂದ ಹನ್ನೆರಡನೇ ನಂಬರು ಕಾರ್ಖಾನೆಗೆ ಎರಡು ಸಲ ಬರುತ್ತಿತ್ತು. ಅತ್ತೆಯ ಕಟ್ಟಿನಲ್ಲಿ ಕಾರ್ಖಾನೆಯ ಚೀಟಿ ಒಂದೇ.

ಅಡುಗೆಮನೆಯಲ್ಲಿ ಅವರು ಲೋಟಗಳನ್ನು ಇಡುವ ಸದ್ದು ಕೇಳುತ್ತಿತ್ತು. ಆ ಎರಡು ನಿಮಿಷ ನಾನು ಯೋಚಿಸಿದ್ದನ್ನು ಇದ್ದಹಾಗೆ ಬರೆಯುತ್ತೇನೆ. ಹನ್ನೆರಡನೇ ಮಾರ್ಗವೊಂದನ್ನು ಹಳೆಯ ಸಾಲಿನಿಂದಲೇ ಹಾಯಿಸಿದರೆ ಪಟ್ಟಿ ಗಣವಾಗುತ್ತದೆ, ಗಣ ಪಟ್ಟಿಯಾಗುತ್ತದೆ, ಮೂರು ಐದು ಸದ್ದಿಲ್ಲದೆ ಹೋಗುತ್ತದೆ. ವ್ಯತ್ಯಾಸದ ಹಾಳೆ ಖಾಲಿ. ಮೂವತ್ತೊಂದು ವರ್ಷ ಹಾಗೇ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಇದುವರೆಗೆ ಗೊತ್ತಿಲ್ಲದೆ ಮಾಡಿದ ತಪ್ಪನ್ನೇ ಈಗ ಗೊತ್ತಿದ್ದು, ಪ್ರೀತಿಯಿಂದ ಮಾಡಬಹುದಿತ್ತು.

ಅತ್ತೆ ಚಹಾ ತಂದಿಟ್ಟರು. “ಏನೇ, ಮುಖ ಯಾಕೆ ಹೀಗಾಯ್ತು? ನಾಲ್ಕನೇದು ಸಿಕ್ತಾ?”

“ಸಿಕ್ತು,” ಎಂದೆ. “ಇದು ನಂದಲ್ಲ ಅತ್ತೆ.”

ಹೇಳಿದೆ. ಅವರು ಕುರ್ಚಿ ಎಳೆದು ಕೂತರು.

“ಗುಂಡಿ ಎರಡು ಸಲ ಒತ್ತಿರ್ತಾನೆ.”

“ಇಪ್ಪತ್ತೈದು ನಿಮಿಷ ಬಿಟ್ಟಾ?”

“ಯಂತ್ರ ಕೆಟ್ಟಿರುತ್ತೆ.”

“ನಾಲ್ಕು ವರ್ಷ? ದಿನಾ ಅದೇ ಹೊತ್ತಿಗೆ?”

ಚಹಾದ ಮೇಲೆ ಕೆನೆ ಕಟ್ಟಿತು. ಒಳಗಿನಿಂದ ಮಾವ ಏನೋ ಹೇಳಲು ಬಾಯಿ ತೆರೆದವರು, ಹೆಂಡತಿಯ ಬೆನ್ನನ್ನು ಬಾಗಿಲಿನಿಂದ ನೋಡಿ ಪದಬಂಧಕ್ಕೆ ಮರಳಿದರು. ಉಳಿದ ಮಾರ್ಗಗಳನ್ನು ನಾನು ಓದಿದೆ, ಅತ್ತೆ ಚೀಟಿ ಸಿಕ್ಕಿಸಿದರು. ಹದಿನೆಂಟೂ ಮುಗಿಯುವ ಹೊತ್ತಿಗೆ ಒಂದೂವರೆ ಆಗಿತ್ತು. ಎಲ್ಲ ಹೊಂದಿದವು, ಹನ್ನೆರಡನೆಯದೊಂದನ್ನು ಬಿಟ್ಟು. ಹಾಳೆಗಳನ್ನೆಲ್ಲ ಪ್ರಿಂಟ್ ತೆಗೆದು ಚೀಲಕ್ಕೆ ಹಾಕಿಕೊಂಡೆ.

“ನಡಿ,” ಎಂದು ಅತ್ತೆ ಚಪ್ಪಲಿ ಮೆಟ್ಟಿದರು. “ಕಣ್ಣಾರೆ ನೋಡದೆ ನಾನು ಯಾವತ್ತೂ ಸಹಿ ಹಾಕಿಲ್ಲ.”

“ಒಂದೇ ಕಣ್ಣಲ್ವಾ ಇರೋದು ಈಗ?” ಎಂದರು ಮಾವ.

“ಒಂದು ಸಾಕು.”

ಬಿಸ್ಕತ್ತು ಕಾರ್ಖಾನೆಯ ಕಾಂಪೌಂಡು ಊರಾಚೆ ಇದೆ. ಗೇಟು ದಾಟಿದರೆ ಗಾಳಿಯೆಲ್ಲ ಸುಟ್ಟ ಸಕ್ಕರೆ. ಒಳಗೆ ತಗಡಿನ ಚಾವಣಿಯ ಕೆಳಗೆ ಒಂದು ಕಟ್ಟೆ, ಕಟ್ಟೆಯ ಮೇಲೆ ಹತ್ತಿಪ್ಪತ್ತು ಹೆಂಗಸರು, ತಲೆಗೆ ಬಿಳಿಯ ಬಲೆಟೋಪಿ, ಕೆಲಸ ಮುಗಿಸಿದ ದಣಿವಿನ ಸಡಿಲು ಮಾತು. ಕಂಬದ ಮೇಲೆ ಬೋರ್ಡು, ಬೋರ್ಡಿನ ಮೂಲೆಯಲ್ಲಿ ಅತ್ತೆಯ ಸಹಿ. ಎರಡು ನಲವತ್ತಕ್ಕೆ ಹನ್ನೆರಡನೇ ನಂಬರು ಬಂತು, ಮುಂದಿನ ಪಾಳಿಯವರನ್ನು ಇಳಿಸಿತು, ಮುಂದಕ್ಕೆ ಹೋಯಿತು. ಕಟ್ಟೆಯ ಮೇಲಿದ್ದವರಲ್ಲಿ ಒಬ್ಬರೂ ಏಳಲಿಲ್ಲ.

ಅತ್ತೆ ಪಕ್ಕದ ಹೆಂಗಸನ್ನು ಕೇಳಿದರು: “ಬಸ್ಸು ಹೋಯ್ತಲ್ಲಮ್ಮಾ, ನೀವ್ಯಾಕೆ ಹತ್ತಲಿಲ್ಲ?”

“ಅದು ಆ ಕಡೆಗೆ. ಊರ ಕಡೆಗೆ ಹೋಗ್ತಾ ಮೂರು ಐದಕ್ಕೆ ಮತ್ತೆ ಒಳಗೆ ಬರುತ್ತೆ.”

“ಬೋರ್ಡಲ್ಲಿ ಇಲ್ವಲ್ಲ?”

“ಬೋರ್ಡಾ!” ಆಕೆ ನಕ್ಕಳು. “ಹೊಸಬರು ಸೇರಿದ್ರೆ ನಾವು ಮೊದಲು ಹೇಳೋದೇ ಅದು, ಬೋರ್ಡು ನಂಬಬೇಡ್ರೀ ಅಂತ. ಬರೆದೋರು ಈ ಕಡೆ ತಲೆ ಹಾಕಿಲ್ಲ ಅನ್ಸುತ್ತೆ.” ಕಟ್ಟೆಯ ತುದಿಯಲ್ಲಿ ಕೂತ ತೆಳ್ಳನೆಯ ಹುಡುಗಿಯ ಕಡೆ ಗದ್ದ ತೋರಿಸಿದಳು. “ಇವಳಿಗೆ ಹೇಳೋದು ಮರೆತುಹೋಯ್ತು ನೋಡಿ. ಸೇರಿದ ಮೊದಲ ತಿಂಗಳು ದಿನಾ ದೊಡ್ಡ ರಸ್ತೆವರೆಗೂ ನಡೆದುಕೊಂಡು ಹೋಗಿದ್ದಾಳೆ. ಸುಡೋ ಬಿಸಿಲಲ್ಲಿ, ಮುಕ್ಕಾಲು ಗಂಟೆ!”

“ನಿಮ್ಮ ಹಾಗಲ್ಲಕ್ಕಾ,” ಎಂದಳು ಹುಡುಗಿ. “ನಾನು ಬೋರ್ಡು ಓದಿದ್ದೆ, ಅದಕ್ಕೇ.”

ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆ ನಗಲಿಲ್ಲ. ಕೈಚೀಲವನ್ನು ಮಡಿಲಲ್ಲಿ ನೆಟ್ಟಗೆ ಇಟ್ಟುಕೊಂಡರು.

“ಬರೆದೋಳು ನಾನೇ,” ಎಂದರು.

ನಗು ತಟಕ್ಕನೆ ನಿಂತಿತು. ಮೊದಲ ಹೆಂಗಸು ನಾಲಿಗೆ ಕಚ್ಚಿಕೊಂಡು, ಏನು ಮಾಡಲೂ ತೋಚದೆ, ಮಡಿಲಿನ ಕಾಗದದ ಪೊಟ್ಟಣ ಬಿಚ್ಚಿ ಅತ್ತೆಯ ಮುಂದೆ ಹಿಡಿದಳು. “ಒಡೆದಿದ್ದು. ಬಿಸಿ ಇದೆ, ತಗೊಳ್ಳಿ.” ಅತ್ತೆ ಒಂದು ಚೂರು ತೆಗೆದುಕೊಂಡು ತಿಂದರು. ಆಮೇಲೆ ಎದ್ದು ಕಟ್ಟೆಯ ತುದಿಗೆ ಹೋಗಿ ಆ ಹುಡುಗಿಯ ಪಕ್ಕ ಕೂತರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಹುಡುಗಿ ತಲೆ ಅಲ್ಲಾಡಿಸುತ್ತ “ಅಯ್ಯೋ, ಬಿಡಿ” ಎನ್ನುತ್ತಿದ್ದದ್ದು ಮಾತ್ರ ಕಂಡಿತು.

ಮೂರು ಐದಕ್ಕೆ ಬಸ್ಸು ಮತ್ತೆ ಒಳಗೆ ತಿರುಗಿತು. ಚಾಲಕ ಅತ್ತೆಯನ್ನು ಗುರುತು ಹಿಡಿದು ಎದ್ದೇ ನಿಂತ. “ಓಹೋ ಮೇಡಂ! ನೀವಿಲ್ಲಿ?”

“ಎಷ್ಟು ದಿನದಿಂದ ನಡೀತಿದೆ ಇದು?”

“ಪಾಳಿ ಹೊತ್ತು ಬದಲಾದಾಗಿಂದ ಮೇಡಂ. ಗೇಟಿನ ಮುಂದೇನೇ ಹಾದುಹೋಗ್ತೀವಿ, ಒಳಗೆ ಬಂದ್ರೆ ಎರಡೇ ನಿಮಿಷ. ಬಿಟ್ಟುಹೋಗೋಕೆ ಮನಸ್ಸಾಗ್ಲಿಲ್ಲ.”

“ಆಫೀಸಿಗೆ ಯಾಕೆ ಹೇಳಲಿಲ್ಲ?”

ಅವನು ಸ್ಟೇರಿಂಗನ್ನು ಸವರಿದ. “ನೀವು ತುಂಬಾ ಕಟ್ಟುನಿಟ್ಟು ಅಲ್ವಾ ಮೇಡಂ. ಹೇಳಿದ್ರೆ ಬೇಡ ಅಂತೀರೇನೋ ಅಂತ.”

ಅತ್ತೆಗೆ ಇದು ಬೋರ್ಡಿನ ಮಾತಿಗಿಂತ ಹೆಚ್ಚು ತಾಗಿತು ಎಂದು ನನಗನ್ನಿಸಿತು. “ಬೇಡ ಅಂತಿರಲಿಲ್ಲ,” ಎಂದರು. “ಇನ್ನೊಂದು ಚೀಟಿ ಬರೀತಿದ್ದೆ, ಅಷ್ಟೇ.”

ಬಸ್ಸು ಹೊರಟಿತು. ಸೀಟುಗಳೆಲ್ಲ ತುಂಬಿದ್ದವು; ಆ ಹುಡುಗಿ ಎದ್ದು ಅತ್ತೆಗೆ ಜಾಗ ಕೊಡಲು ಬಂದಳು, ಅತ್ತೆ ಅವಳ ಭುಜ ಒತ್ತಿ ಕೂರಿಸಿದರು. ನಾವಿಬ್ಬರೂ ಹಿಂಬಾಗಿಲ ಹತ್ತಿರ ಕಂಬ ಹಿಡಿದು ನಿಂತೆವು. ನನ್ನ ಫೋನು ಬಡಿದುಕೊಂಡಿತು. ಮ್ಯಾನೇಜರು. ಮುದ್ರಣಾಲಯದವನು ಮುಂಚೆಯೇ ಬಂದು ಕೂತಿದ್ದಾನಂತೆ, ಹಾಳೆ ತಯಾರಿದೆಯೇ ಎಂದು ಕೇಳಿದರು. ದಾರಿಯಲ್ಲಿದ್ದೇವೆ ಎಂದೆ.

“ಕಾರಣದ ಕಾಲಮ್ಮಲ್ಲಿ ಏನು ಬರೆದಿದ್ದೀಯಾ?” ಅತ್ತೆ ಕೇಳಿದರು.

“ಇನ್ನೂ ಏನೂ ಬರೆದಿಲ್ಲ.” ಕೇಳಿಯೇಬಿಟ್ಟೆ, “ಹೊಸ ಸೇವೆ ಅಂತ ಹಾಕ್ಲಾ? ಬೋರ್ಡಿಗೆ ಹೊಸದೇ ಅಲ್ವಾ?”

“ನಾಲ್ಕು ವರ್ಷದ್ದು ಹೊಸದು ಹೇಗಾಗುತ್ತೆ? ತಿದ್ದುಪಡಿ ಅಂತ ಬರಿ.”

“ಹೊಸ ಬೋರ್ಡು ಅಚ್ಚಾಗಿ ಬರೋಕೆ ಹತ್ತು ದಿನ ಆಗುತ್ತೆ ಅತ್ತೆ. ತಿದ್ದುಪಡಿ ಅಂದ್ರೆ ನಾಳೆನೇ ಹಳೇ ಬೋರ್ಡಿಗೆ ಹಳದಿ ಚೀಟಿ ಅಂಟಿಸ್ತಾರೆ. ನಿಮ್ಮ ಸಹಿ ಪಕ್ಕದಲ್ಲೇ.”

“ಗೊತ್ತು.” ಅವರು ಕಿಟಕಿಯ ಆಚೆ ನೋಡುತ್ತಿದ್ದರು. “ಆ ಹತ್ತು ದಿನದಲ್ಲಿ ಬೋರ್ಡು ಓದೋ ಹುಡುಗಿ ಇನ್ನೊಬ್ಬಳು ಕೆಲಸಕ್ಕೆ ಸೇರಬಹುದು. ಬರಿ ನೀನು.”

ಕಂಬಕ್ಕೆ ಒರಗಿ, ಕುಲುಕಾಟದ ನಡುವೆ ‘ತಿದ್ದುಪಡಿ’ ಎಂದು ಬರೆದೆ. ನನ್ನ ಜನ್ಮದಲ್ಲಿ ಇಷ್ಟು ಕೆಟ್ಟ ಅಕ್ಷರ ಬರೆದಿಲ್ಲ.

“ಈಗ ತಿರುಗು,” ಎಂದರು ಅತ್ತೆ.

“ಯಾಕೆ?”

“ಮೇಜು ಬೇಡ್ವಾ ನನಗೆ? ತಿರುಗೇ.”

ತಿರುಗಿ ಬೆನ್ನು ಕೊಟ್ಟೆ. ಅವರು ಹಾಳೆಗಳ ಕಟ್ಟನ್ನು ನನ್ನ ಬೆನ್ನಿಗೆ ಒತ್ತಿ ಒಂದೊಂದಕ್ಕೇ ಸಹಿ ಹಾಕತೊಡಗಿದರು. ಮೊದಲು ಉದ್ದನೆಯ ಗೀಟು, ಆಮೇಲೆ ಎರಡು ಸುರುಳಿ, ಕೊನೆಗೊಂದು ಚುಕ್ಕೆ. ನಾನು ಹಾಳೆ ಎಣಿಸುತ್ತಿದ್ದೆ. ಹನ್ನೊಂದಾದ ಮೇಲೆ ಪೆನ್ನು ನಿಂತಿತು. ಬಸ್ಸು ಒಂದು ತಿರುವು ದಾಟಿತು, ಇನ್ನೊಂದು ದಾಟಿತು. ಅವರ ಎಡಗೈ ನನ್ನ ಭುಜದ ಮೇಲೆ ಹಾಗೇ ಇತ್ತು.

“ನೆಟ್ಟಗೆ ನಿಲ್ಲೇ,” ಎಂದರು. “ಸಹಿ ಸೊಟ್ಟಗಾಗುತ್ತೆ.”

ನಾನು ಕಂಬವನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಆದಷ್ಟು ನೆಟ್ಟಗೆ ನಿಂತೆ. ಗೀಟು, ಎರಡು ಸುರುಳಿ, ಚುಕ್ಕೆ. ಚುಕ್ಕೆಯನ್ನು ಸ್ವಲ್ಪ ಜೋರಾಗಿಯೇ ಒತ್ತಿದರು.